‘ಟ್ಯೂಬ್ ಹೋಗಿದೆಯಂತೆ, ಎಸೆದುಬಿಡಲಾ?’

ನನ್ನ ಮೇಜಿನ ಮೇಲಿರುವ ದಪ್ಪ ಬೆನ್ನಿನ ಹಳೇ ಕಂಪ್ಯೂಟರ್ ಮಾನಿಟರ್ ಕಂಡ ಕೂಡಲೇ ಮನೆಗೆ ಬಂದವರ ಬಾಯಲ್ಲಿ ಈ ಮಾತು ಬಂದೇ ಬರುತ್ತದೆ. ‘ನಮ್ಮನೆ ಅಟ್ಟದ ಮೇಲೂ ಇಂಥದ್ದೊಂದು ಇದೆ. ಟ್ಯೂಬ್ ಹೋಗಿದೆ ಅಂದ್ರು. ಎಸೆದುಬಿಡಲಾ?’

ನಾನು ತಿರುಗಿ ಕೇಳುವುದು ಒಂದೇ: ‘ಕತ್ತಿನಲ್ಲಿ ಬೆಳಕು ಬರುತ್ತಾ?’ ಅವರು ನೋಡಿರುವುದಿಲ್ಲ. ಎಷ್ಟೋ ಸಲ, ಟ್ಯೂಬ್ ಹೋಗಿದೆ ಅಂದವರೂ ನೋಡಿರುವುದಿಲ್ಲ.

ಪಿಕ್ಚರ್ ಟ್ಯೂಬಿನ ಹಿಂಭಾಗದಲ್ಲಿ ಸಣಕಲು ಗಾಜಿನ ಕತ್ತು ಇರುತ್ತದೆ. ಅದರೊಳಗೆ 6.3 ವೋಲ್ಟಿನ ಹೀಟರ್. ಕೋಣೆಯ ದೀಪ ಆರಿಸಿ, ಮಾನಿಟರ್ ಆನ್ ಮಾಡಿ, ಹಿಂದಿನ ಗಾಳಿಕಿಂಡಿಯಿಂದ ಇಣುಕಿ. ಬೂದಿ ಮುಚ್ಚಿದ ಕೆಂಡದ ಹಾಗೆ ಕಿತ್ತಳೆ ಬಣ್ಣ ಕಂಡರೆ ಹೀಟರ್ ನೆಟ್ಟಗಿದೆ ಅಂತ ಅರ್ಥ. ಹೀಟರ್ ಉರಿಯುತ್ತಿದ್ದೂ ಟ್ಯೂಬ್ ಸವೆದಿರಬಹುದು, ನಿಜ. ಆದರೆ ಸವೆದ ಟ್ಯೂಬ್ ಮುದುಕರ ಹಾಗೆ, ಮೊದಲೇ ಸುಳಿವು ಕೊಡುತ್ತದೆ. ಚಿತ್ರ ವರ್ಷದಿಂದ ವರ್ಷಕ್ಕೆ ಮಂಕಾಗುತ್ತದೆ. ಆನ್ ಮಾಡಿ ಕಾಫಿ ಕುಡಿದು ಬರುವ ಹೊತ್ತಿಗೆ ಸ್ವಲ್ಪ ಬೆಳಗುತ್ತದೆ. ನಿನ್ನೆ ಚೆನ್ನಾಗಿದ್ದದ್ದು ಇವತ್ತು ಪಟ್ಟಂತ ಕಪ್ಪಾದರೆ ಮೊದಲ ಅನುಮಾನ ಬೇರೆ ಕಡೆ ಇರಲಿ.

ಪೆಟ್ಟಿಗೆ ಬಿಚ್ಚುವ ಮೊದಲು ಇನ್ನೊಂದು ವಿಷಯ. ಕಂಪ್ಯೂಟರ್ ಮಾನಿಟರಿಗೆ ಚಿತ್ರ ಕಳಿಸುವ ವಿಜಿಎ ಪದ್ಧತಿ ಬಂದದ್ದು 1987ರಲ್ಲಿ. ಅದು 640×480 ಚುಕ್ಕಿಗಳ ಚಿತ್ರಕ್ಕೆ ಸೆಕೆಂಡಿಗೆ ಸುಮಾರು 31,500 ಗೆರೆ ಎಳೆಯುತ್ತದೆ. ಆಗಿನ ಎಷ್ಟೋ ಮಾನಿಟರ್‌ಗಳಿಗೆ ಆ ಒಂದು ವೇಗ ಬಿಟ್ಟರೆ ಬೇರೆ ಗೊತ್ತಿಲ್ಲ. ಈಗಿನ ಕಂಪ್ಯೂಟರಿನಿಂದ 1024×768 ಕೊಟ್ಟರೆ ಅದು 48,000 ದಾಟುತ್ತದೆ. ಚಿತ್ರ ಓರೆಕೋರೆಯಾಗಿ ಹರಿದು, ಒಳಗಿಂದ ಕೀ ಅಂತ ಸದ್ದು ಬರುತ್ತದೆ. ಅದು ರಿಪೇರಿ ಕೇಳುತ್ತಿರುವ ಸದ್ದಲ್ಲ, ‘ನಿಲ್ಲಿಸಪ್ಪಾ’ ಅನ್ನುವ ಸದ್ದು. ಹಾಗೇ ಬಿಟ್ಟರೆ ಚೆನ್ನಾಗಿದ್ದ ಮಾನಿಟರ್ ನಿಮ್ಮ ಕಣ್ಣೆದುರೇ ಸುಟ್ಟುಹೋಗಬಹುದು.

ಈಗ ಭಯದ ವಿಚಾರ. 14 ಇಂಚಿನ ಕಲರ್ ಟ್ಯೂಬಿಗೆ ಸುಮಾರು 25,000 ವೋಲ್ಟ್ ಬೇಕು. ಗಾಜಿನ ಮೇಲೆ ಅಂಟಿಕೊಂಡಿರುವ ರಬ್ಬರ್ ಟೋಪಿಯ ಕೆಳಗೆ ಅದು ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೂತಿರುತ್ತದೆ. ಎಲ್ಲರೂ ಅದಕ್ಕೆ ಹೆದರುತ್ತಾರೆ, ಹೆದರಬೇಕಾದ್ದೇ. ನಾನು ಇನ್ನೂ ಜಾಸ್ತಿ ಹೆದರುವುದು ಪವರ್ ಸಪ್ಲೈ ಮೂಲೆಯಲ್ಲಿ ಸಭ್ಯನಂತೆ ನಿಂತ ದಪ್ಪ ಕೆಪಾಸಿಟರಿಗೆ. ನಮ್ಮ 230 ವೋಲ್ಟ್ ಕರೆಂಟು ಅದರಲ್ಲಿ ಸುಮಾರು 325 ವೋಲ್ಟ್ ಡಿಸಿ ಆಗಿ ಕೂರುತ್ತದೆ. ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಟ್ಟು, ಮೀಟರಿನಲ್ಲಿ ಅಳೆದು, ಉಳಿದಿದ್ದರೆ ಹಳೇ ಫಿಲಮೆಂಟ್ ಬಲ್ಬಿನ ಮೂಲಕ ಖಾಲಿ ಮಾಡಿ. ಟ್ಯೂಬಿನ ಚಾರ್ಜ್ ಇಳಿಸುವುದಕ್ಕೆ ಉದ್ದನೆಯ ಚಪ್ಪಟೆ ಸ್ಕ್ರೂಡ್ರೈವರ್ ಬೇಕು. ಅದಕ್ಕೊಂದು ವೈರ್ ಕಟ್ಟಿ, ವೈರಿನ ಇನ್ನೊಂದು ತುದಿಯನ್ನು ಟ್ಯೂಬಿನ ಬೆನ್ನ ಮೇಲೆ ಹಾದುಹೋಗುವ ಬರಿ ತಂತಿಯ ಜಡೆಗೆ ಸಿಕ್ಕಿಸಿ. ಒಂದು ಕೈ ಜೇಬಿನಲ್ಲಿರಲಿ. ಸ್ಕ್ರೂಡ್ರೈವರನ್ನು ಮೆಲ್ಲಗೆ ಟೋಪಿಯ ಕೆಳಗೆ ತೂರಿಸಿದರೆ ‘ಚಟ್’ ಅನ್ನುತ್ತದೆ. ಐದು ನಿಮಿಷ ಬಿಟ್ಟು ಇನ್ನೊಮ್ಮೆ ಮಾಡಿ. ಗಾಜಿನೊಳಗೆ ಅಡಗಿದ್ದ ಚಾರ್ಜ್ ಮತ್ತೆ ಮೇಲೆ ಬರುತ್ತದೆ. ಇಷ್ಟು ಓದಿ ಎದೆ ಡವಗುಟ್ಟಿದರೆ ಹಳೇ ಟಿವಿ ಮೆಕ್ಯಾನಿಕ್ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನಾನು ಕಲಿತದ್ದೂ ಹಾಗೇ.

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯಿಂದ ಒಂದು ಮಾನಿಟರ್ ಬಂತು. ಹಿಂದೆ ಡಿಟಿಪಿ ಅಂಗಡಿಯಲ್ಲಿ ಮದುವೆ ಪತ್ರಿಕೆ ಮಾಡುತ್ತಿದ್ದದ್ದು. ತಂದವರು ಹೇಳಿದ್ದು ಹೀಗೆ: ‘ಹತ್ತು ನಿಮಿಷ ಸರಿಯಾಗಿರತ್ತೆ. ಆಮೇಲೆ ನಡುವೆ ಅಡ್ಡಕ್ಕೆ ಒಂದು ಬಿಳಿ ಗೆರೆ ಅಷ್ಟೇ. ಪಕ್ಕಕ್ಕೆ ಒಂದು ಬಾರಿಸಿದ್ರೆ ಮತ್ತೆ ಬಿಚ್ಚಿಕೊಳ್ಳತ್ತೆ.’

ಬಾರಿಸಿದರೆ ಸರಿಹೋಗುತ್ತದೆ ಅಂದರೆ ನನಗೆ ಒಳಗೊಳಗೇ ಖುಷಿ. ಎಲ್ಲೋ ಬೆಸುಗೆ ಬಿಟ್ಟಿದೆ ಅಂತ ಅರ್ಥ. ಆ ಒಂದು ಗೆರೆಯೂ ಎಷ್ಟು ಹೇಳುತ್ತದೆ ನೋಡಿ. ಗೆರೆ ಎಡದಿಂದ ಬಲಕ್ಕೆ ಪೂರ್ತಿ ಇದೆ, ಅಂದರೆ ಚಿತ್ರ ಬರೆಯುವ ಕಿರಣದ ಅಡ್ಡ ಓಟ ಸರಿ ಇದೆ. ಬೆಳಕು ಇದೆ, ಅಂದರೆ 25,000 ವೋಲ್ಟ್ ಬರುತ್ತಿದೆ, ಟ್ಯೂಬೂ ಬದುಕಿದೆ. ಸತ್ತಿರುವುದು ಮೇಲೆ ಕೆಳಗೆ ಎಳೆಯುವ ವರ್ಟಿಕಲ್ ಭಾಗ ಒಂದೇ. ಆ ಗೆರೆ ಕಂಡ ಕೂಡಲೇ ಬ್ರೈಟ್‌ನೆಸ್ ಇಳಿಸಿಬಿಡಿ. ಇಲ್ಲದಿದ್ದರೆ ಪರದೆಯ ಹಿಂದಿನ ಲೇಪ ಅಲ್ಲೇ ಸುಟ್ಟು ಗೆರೆ ಅಚ್ಚಾಗಿ ಉಳಿಯುತ್ತದೆ.

ಬಿಚ್ಚಿದರೆ ತಳದಲ್ಲಿ ಒಂದು ಒಣಗಿದ ಹಲ್ಲಿ. ಪಾಪ, ಬೆಚ್ಚಗಿದೆ ಅಂತ ಬಂದಿರಬೇಕು. ಬ್ರಷ್ಷಿನಲ್ಲಿ ಧೂಳು ತೆಗೆದು ಬೋರ್ಡ್ ಮಗುಚಿದೆ. ಅಲ್ಯೂಮಿನಿಯಂ ಹೀಟ್‌ಸಿಂಕಿಗೆ ಕಚ್ಚಿಕೊಂಡಿದ್ದ ವರ್ಟಿಕಲ್ ಐಸಿಯ ಕಾಲುಗಳನ್ನು ಭೂತಗನ್ನಡಿ ಹಿಡಿದು ನೋಡಿದೆ. ಎರಡು ಕಾಲುಗಳ ಸುತ್ತ ಕೂದಲೆಳೆಯಷ್ಟು ಸಣ್ಣ ಕಪ್ಪು ಉಂಗುರ. ಮೆಕ್ಯಾನಿಕ್‌ಗಳು ಡ್ರೈ ಸೋಲ್ಡರ್ ಅನ್ನುವುದು ಇದಕ್ಕೇ. ವರ್ಷಗಟ್ಟಲೆ ಬಿಸಿಯಾಗಿ, ತಣ್ಣಗಾಗಿ ಸೀಸ ಬಿರುಕು ಬಿಟ್ಟಿರುತ್ತದೆ. ತಣ್ಣಗಿದ್ದಾಗ ಕಾಲು ತಾಗಿಕೊಂಡಿರುತ್ತದೆ, ಬಿಸಿಯೇರಿದಾಗ ಬಿಡುತ್ತದೆ. ಹಳೇ ಸೀಸ ಪಂಪಿನಲ್ಲಿ ಹೀರಿ ಹೊಸದು ಹಾಕಿದೆ.

ಆನ್ ಮಾಡಿದರೆ ಚಿತ್ರ ಪೂರ್ತಿ ಬಂತು. ಆದರೆ ಮೇಲಿನ ಒಂದು ಇಂಚು ಸೀರೆಯ ನೆರಿಗೆಯಂತೆ ಮಡಚಿಕೊಂಡಿತ್ತು. ಹೀಟ್‌ಸಿಂಕಿಗೆ ಒತ್ತಿಕೊಂಡೇ 100 ಮೈಕ್ರೋಫ್ಯಾರಡಿನ ಕೆಪಾಸಿಟರ್ ಕೂತಿತ್ತು. ಅದೂ ಆ ಶಾಖಕ್ಕೆ ಒಣಗಿತ್ತು. ಅಷ್ಟೇ ಮೈಕ್ರೋಫ್ಯಾರಡಿನ, 105 ಡಿಗ್ರಿ ತಡೆಯುವ ಹೊಸದನ್ನು ಮೈನಸ್ ಪಟ್ಟಿ ಸರಿಯಾಗಿ ನೋಡಿ ಹಾಕಿದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ನೆರಿಗೆ ಬಿಚ್ಚಿತು.

ಬೇರೆ ಕಾಯಿಲೆಗಳೂ ಉಂಟು. ಚಿತ್ರವೆಲ್ಲ ಹಳದಿಯಾಗಿದ್ದರೆ ನೀಲಿ ಬರುತ್ತಿಲ್ಲ ಅಂತ. ಗುಲಾಬಿ ಕಡೆಗೆ ತಿರುಗಿದ್ದರೆ ಹಸಿರು ಇಲ್ಲ. ಮೊದಲು ಕೇಬಲ್ ಅಲ್ಲಾಡಿಸಿ, ಬಾಗಿದ ಪಿನ್ ಹುಡುಕಿ. ಅರ್ಧಕ್ಕರ್ಧ ಅಲ್ಲೇ ಮುಗಿಯುತ್ತದೆ. ಮಳೆಗಾಲದಲ್ಲಿ ಮಾತ್ರ ಚರಚರ ಸದ್ದು ಬಂದರೆ ರಬ್ಬರ್ ಟೋಪಿಯ ಸುತ್ತ ಧೂಳು, ತೇವ ಸೇರಿರುತ್ತದೆ. ಚಾರ್ಜ್ ಇಳಿಸಿ, ಸ್ಪಿರಿಟ್ಟಿನಲ್ಲಿ ಒರೆಸಿ, ಚೆನ್ನಾಗಿ ಒಣಗಿಸಿ.

ಏನೂ ಬರದೆ ಟಿಕ್ ಟಿಕ್ ಅನ್ನುತ್ತಿದ್ದರೆ ಅಡ್ಡ ಓಟದ ದೊಡ್ಡ ಟ್ರಾನ್ಸಿಸ್ಟರ್ ಶಾರ್ಟ್ ಆಗಿರುವ ಸಾಧ್ಯತೆ ಜಾಸ್ತಿ. ಹೊಸದು ಹಾಕಿ ನೇರ ಕರೆಂಟ್ ಕೊಡಬೇಡಿ, 100 ವ್ಯಾಟಿನ ಹಳೇ ಬಲ್ಬನ್ನು ಸೀರೀಸಿನಲ್ಲಿ, ಅಂದರೆ ಕರೆಂಟ್ ಬರುವ ದಾರಿಯ ನಡುವೆ, ಹಾಕಿ. ಬಲ್ಬ್ ಒಮ್ಮೆ ಬೆಳಗಿ ಮಂಕಾದರೆ ಒಳ್ಳೆಯದು, ಪೂರ್ತಿ ಉರಿಯುತ್ತಲೇ ಇದ್ದರೆ ಇನ್ನೂ ಎಲ್ಲೋ ಶಾರ್ಟ್ ಇದೆ. ಈ ಪರೀಕ್ಷೆಗೆ ಮುಂಚೆ ಪರದೆಯ ಸುತ್ತ ಇರುವ, ಅಂಟಿದ ಕಾಂತತ್ವ ಅಳಿಸುವ ಡಿಗಾಸ್ ಕಾಯಿಲಿನ ಪ್ಲಗ್ ಬಿಡಿಸಿಡಿ. ಅದೂ ಕರೆಂಟ್ ಎಳೆದು ಬಲ್ಬ್ ಸುಳ್ಳು ಹೇಳುವ ಹಾಗೆ ಮಾಡುತ್ತದೆ. ನಾನೊಮ್ಮೆ ಇದನ್ನು ಮರೆತು ಇಡೀ ಭಾನುವಾರ ಇಲ್ಲದ ಶಾರ್ಟ್ ಹುಡುಕಿದ್ದೇನೆ.

ಕೈ ಚೆಲ್ಲುವುದೂ ಉಂಟು. 25,000 ವೋಲ್ಟ್ ಹುಟ್ಟಿಸುವ ಟ್ರಾನ್ಸ್‌ಫಾರ್ಮರ್, ಅಂದರೆ ಎಲ್‌ಒಟಿ, ಬಿರುಕು ಬಿಟ್ಟು ನೀಲಿ ಕಿಡಿ ಹಾರಿಸುತ್ತಿದ್ದರೆ ಅದೇ ಮಾಡೆಲಿನದ್ದೇ ಬೇಕಾಗುತ್ತದೆ. ಅಂಗಡಿಯಲ್ಲಿ ಸಿಗುವುದು ಕಷ್ಟ. ಕತ್ತು ಬಿರುಕು ಬಿಟ್ಟ ಟ್ಯೂಬಿಗಂತೂ ಮದ್ದಿಲ್ಲ. ಅಂಥದ್ದಾದರೆ ಎಸೆಯಿರಿ, ಆದರೆ ತಿಪ್ಪೆಗಲ್ಲ. ಆ ಗಾಜಿನಲ್ಲಿ ಸೀಸ ಇರುತ್ತದೆ. ಒಡೆಯದೆ ಇ-ತ್ಯಾಜ್ಯದವರಿಗೆ ಕೊಡಿ. ಕೊಡುವ ಮುಂಚೆ ನನಗೊಂದು ಮಾತು ಹೇಳಿ. ಟ್ಯೂಬ್ ಒಂದೇ ಹೋಗಿದ್ದರೆ ಅದರ ಎಲ್‌ಒಟಿ ನನಗೆ ಬೇಕು.