ಗಾಜಿನ ಪುಡಿಯ ಗ್ಲೇಜ್: ಮೂರು ಸುಡುವಿಕೆ ಮುಗಿದ ಮೇಲೆ

ಬಾಟಲಿ ಗಾಜನ್ನು ಪುಡಿ ಮಾಡಿ ಗ್ಲೇಜ್, ಅಂದರೆ ಮಣ್ಣಿನ ಪಾತ್ರೆಗೆ ಬಳಿದು ಸುಡುವ ಗಾಜಿನಂಥ ಲೇಪ, ಮಾಡಲು ಹೊರಟಿದ್ದೇನೆ. ನಾಲ್ಕು ದಿನ ಮುಟ್ಟದೆ ಬಿಟ್ಟಿದ್ದ ಗ್ಲೇಜ್ ಡಬ್ಬಿಗೆ ಇವತ್ತು ಕೋಲು ಇಳಿಸಿದರೆ ಟಕ್ ಅಂತ ಸದ್ದು. ಮೇಲೆ ತಿಳಿನೀರು, ಅಡಿಯಲ್ಲಿ ಕಲ್ಲು. ಕೋಲು ಮುರಿಯಿತೇ ಹೊರತು ತಳ ಅಲುಗಲಿಲ್ಲ. ಗಾಜು ಕರಗುತ್ತದೋ ಇಲ್ಲವೋ ಅಂತ ನಾನು ಇಷ್ಟು ದಿನ ತಲೆ ಕೆಡಿಸಿಕೊಂಡಿದ್ದೆ. ಅದು ಬೇಡದಷ್ಟು ಕರಗುತ್ತದೆ. ಅದನ್ನು ಒಂದೆಡೆ ನಿಲ್ಲಿಸುವುದೇ ಕಷ್ಟ: ಡಬ್ಬಿಯಲ್ಲಿ ತೇಲಿಸಿ ನಿಲ್ಲಿಸಬೇಕು, ಪಾತ್ರೆಯ ಗೋಡೆ ಮೇಲೆ ಜಾರದಂತೆ ನಿಲ್ಲಿಸಬೇಕು.

ಮೊದಲನೇ ಸುಡುವಿಕೆಯಲ್ಲಿ ಬರೀ ಗಾಜಿನ ಪುಡಿಗೆ ಸ್ವಲ್ಪ ಅಂಟು ಬೆರೆಸಿ, ನಿಲ್ಲಿಸಿದ ಟೈಲಿಗೆ ಬಳಿದಿದ್ದೆ. ಸುಡುವ ಶಾಖ ಕೋನ್ 6 (ಕುಂಬಾರಿಕೆಯಲ್ಲಿ ಶಾಖ ಅಳೆಯುವ ಮಟ್ಟ), ಅಂದರೆ ಹೆಚ್ಚುಕಡಿಮೆ 1220 ಡಿಗ್ರಿ. ಎಲ್ಲ ಜಾರಿ ಟೈಲಿನ ಬುಡದಲ್ಲಿ ಕೊಳವಾಗಿ, ಅಲ್ಲಿಂದ ಕಿಲ್ನ್ (ಸುಡುವ ಗೂಡು) ಶೆಲ್ಫಿಗೆ ಅಂಟಿಕೊಂಡಿತ್ತು. ಉಳಿಯಿಂದ ಕೆತ್ತಿ ತೆಗೆಯಲು ಅರ್ಧ ದಿನ ಹೋಯಿತು. ಸಾಧಾರಣ ಬಾಟಲಿ ಗಾಜಿನಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಪಾಲು ಸಿಲಿಕಾ, ಸುಮಾರು 14 ಪಾಲು ಸೋಡಾ, 10ರ ಆಸುಪಾಸು ಸುಣ್ಣ. ಗ್ಲೇಜಿಗೆ ಬೇಕಾದ ಬಹುತೇಕ ಎಲ್ಲವೂ ಇದೆ, ಅಲ್ಯುಮಿನಾ ಮಾತ್ರ 1–2 ಪಾಲು. ಕರಗಿದ ಗಾಜಿಗೆ ಜಿಗುಟು ಕೊಟ್ಟು ಗೋಡೆಗೆ ಹಿಡಿದಿಡುವುದೇ ಈ ಅಲ್ಯುಮಿನಾ. ಅದು ಕೇಯೊಲಿನ್ ಮಣ್ಣಿನಲ್ಲಿ ಧಾರಾಳ.

ಪುಡಿ ಮಾಡುವ ಕೆಲಸ ಚುಟುಕಾಗಿ: ದಪ್ಪ ಬಟ್ಟೆಯಲ್ಲಿ ಸುತ್ತಿ ಸುತ್ತಿಗೆ ಪೆಟ್ಟು, ಆಮೇಲೆ ಗುಂಡುಗಳು ಉರುಳಿ ಅರೆಯುವ ಬಾಲ್ ಮಿಲ್‌ನಲ್ಲಿ ನೀರು ಹಾಕಿ ನಾಲ್ಕು ಗಂಟೆ, 80 ಮೆಶ್ ಜರಡಿ. ಸುತ್ತಿಗೆಯಿಂದ ಬಂದ ಕಬ್ಬಿಣದ ಚೂರಿಗೆ ಅಯಸ್ಕಾಂತ. ಒಣ ಪುಡಿ ಮುಟ್ಟುವಾಗೆಲ್ಲ ಮಾಸ್ಕ್. ಗಾಜಿನ ಸಿಲಿಕಾ ಹರಳು ರೂಪದ್ದಲ್ಲ, ಆದರೆ ಜೊತೆಗೆ ಬೆರೆಸುವ ಕ್ವಾರ್ಟ್ಜ್ ಪುಡಿ ಹರಳೇ. ಶ್ವಾಸಕೋಶಕ್ಕೆ ದೊಡ್ಡ ಅಪಾಯ ಅದರದ್ದು.

ಎರಡನೇ ಸುಡುವಿಕೆಗೆ ಮೂರು ಟೈಲು. ಕೇಯೊಲಿನ್ ಎಲ್ಲದರಲ್ಲೂ 15. ಗಾಜು 85, 75, 65. ಇಳಿಸಿದಷ್ಟನ್ನು ಕ್ವಾರ್ಟ್ಜ್‌ನಿಂದ ತುಂಬಿದೆ. ಮೂರೂ ಜಾರದೆ ನಿಂತವು! ಕನ್ನಡಿಯಂಥ ಹೊಳಪು. ಹಿಗ್ಗಿ ಟೈಲನ್ನು ಮೇಜಿನ ಮೇಲಿಟ್ಟು ಕೂತಿದ್ದೆ, ಟಿಣ್ ಟಿಣ್ ಅಂತ ಶುರುವಾಯಿತು. ಕೂದಲೆಳೆಯಂಥ ಬಿರುಕುಗಳು, ಮೊದಲ ಟೈಲಿನಲ್ಲಿ ಒತ್ತೊತ್ತಾಗಿ, ಮೂರನೆಯದರಲ್ಲಿ ವಿರಳವಾಗಿ. ಸೋಡಾ ಹೆಚ್ಚಿದ್ದರೆ ಗ್ಲೇಜ್ ತಣಿಯುವಾಗ ಅಡಿಯ ಮಣ್ಣಿಗಿಂತ ಜಾಸ್ತಿ ಕುಗ್ಗುತ್ತದೆ, ಎಳೆತ ತಾಳದೆ ಸೀಳುತ್ತದೆ. ಅಲಂಕಾರದ ಪಾತ್ರೆಗೆ ಇದು ಚಂದವೇ, ಉಣ್ಣುವ ಬಟ್ಟಲಿಗೆ ಬೇಡ.

ಬಣ್ಣದ ಆಸೆಗೆ ಕಂದು ಬಾಟಲಿಯನ್ನೂ ಪುಡಿ ಮಾಡಿ ನೋಡಿದೆ. ಆ ಕಂದು ಬರುವುದು ಕಬ್ಬಿಣ ಮತ್ತು ಗಂಧಕ ಕೂಡಿದ್ದರಿಂದ. ಕಿಲ್ನ್‌ನ ಆಮ್ಲಜನಕದಲ್ಲಿ ಆ ಜೋಡಿ ಮುರಿದುಬೀಳುತ್ತದೆ. ನನಗೆ ಸಿಕ್ಕಿದ್ದು ನಸುಹಳದಿ, ಜೊತೆಗೆ ಗುಳ್ಳೆಗಳು. ಓವನ್ ಪಾತ್ರೆಯ ಗಾಜನ್ನು ಬೇರೆಯೇ ಎತ್ತಿಟ್ಟಿದ್ದೇನೆ, ಅದು ಹೆಚ್ಚಾಗಿ ಬೋರಾನ್ ಇರುವ ಇನ್ನೊಂದು ಜಾತಿ, ಇದರೊಡನೆ ಕಲಸಿದರೆ ಲೆಕ್ಕವೆಲ್ಲ ತಪ್ಪುತ್ತದೆ. ಕ್ರಿಸ್ಟಲ್ ಲೋಟಗಳಲ್ಲಿ ಸೀಸ ಇರುವ ಸಾಧ್ಯತೆ ಇರುವುದರಿಂದ ಅವನ್ನು ಮಿಲ್ ಹತ್ತಿರವೂ ಬಿಡುವುದಿಲ್ಲ.

ಈಗ ಆ ಕಲ್ಲಾದ ಡಬ್ಬಿ. ನುಣ್ಣಗೆ ಅರೆದ ಗಾಜಿನಿಂದ ಸೋಡಾ ಮೆಲ್ಲಗೆ ನೀರಿಗೆ ಬಿಡುತ್ತದೆ. ಪಿಎಚ್ ಕಾಗದ ಅದ್ದಿದರೆ 10ರ ಬಣ್ಣ ತೋರಿಸಿತು. ಹೀಗೆ ಕ್ಷಾರವಾದ ನೀರಿನಲ್ಲಿ ಮಣ್ಣಿನ ಕಣಗಳು ಒಂದನ್ನೊಂದು ದೂರ ತಳ್ಳುತ್ತವೆ. ಗಾಜನ್ನು ಎತ್ತಿಹಿಡಿಯುವ ಸಡಿಲ ಬಲೆ ಕಟ್ಟಿಕೊಳ್ಳುವುದೇ ಇಲ್ಲ, ಒಂದೊಂದೇ ಕಣ ಇಳಿದು ಬಿಗಿಯಾಗಿ ಜೋಡಿಸಿಕೊಳ್ಳುತ್ತದೆ. ಗಟ್ಟಿಯಾದದ್ದನ್ನು ಒಡೆದು, ಮತ್ತೆ ಜರಡಿ ಹಿಡಿದು, ಆ ಕಣಗಳನ್ನು ಮತ್ತೆ ಒಟ್ಟುಗೂಡಿಸುವ ಎಪ್ಸಮ್ ಸಾಲ್ಟ್ (ಮೆಗ್ನೀಸಿಯಂ ಸಲ್ಫೇಟ್) ಕರಗಿಸಿದ ನೀರನ್ನು ಹನಿಹನಿಯಾಗಿ ಬಿಟ್ಟೆ. ಏಳೆಂಟು ಹನಿಗೇ ನೀರು ನೀರಾಗಿದ್ದದ್ದು ಗಟ್ಟಿ ಮಜ್ಜಿಗೆಯ ಹದಕ್ಕೆ ಬಂತು. ಮುಂದಿನ ಬ್ಯಾಚಿಗೆ 2 ಪಾಲು ಬೆಂಟೊನೈಟ್ (ನೀರಿನಲ್ಲಿ ಉಬ್ಬುವ ಜಿಗುಟು ಮಣ್ಣು) ಕೂಡ, ಒಣಗಿದ್ದಾಗಲೇ ಬೆರೆಸಬೇಕು. ಒದ್ದೆಯಲ್ಲಿ ಹಾಕಿ ಉಂಡೆ ಕಟ್ಟಿಸಿಕೊಂಡ ಪ್ರಸಂಗ ಒಮ್ಮೆ ಆಗಿದೆ, ಸಾಕು.

ಮೂರನೇ ಸುಡುವಿಕೆ ನಿನ್ನೆ ತೆರೆದೆ: ಗಾಜು 55, ಕೇಯೊಲಿನ್ 20, ಕ್ವಾರ್ಟ್ಜ್ 15, ಟಾಲ್ಕ್ 10. ಟಾಲ್ಕ್‌ನ ಮೆಗ್ನೀಸಿಯಾ ಸೋಡಾದಷ್ಟು ಹಿಗ್ಗಿ ಕುಗ್ಗುವುದಿಲ್ಲ ಎಂಬುದೇ ಲೆಕ್ಕಾಚಾರ. ಹೊಳಪು ತುಸು ಇಳಿದು ಹಾಲಿನ ಛಾಯೆ ಬಂದಿದೆ, ನನಗಂತೂ ಹಳೆಯ ಹೊಳಪಿಗಿಂತ ಇದೇ ಹಿಡಿಸಿತು. ರಾತ್ರಿಯಿಡೀ ಟಿಣ್ ಎನ್ನಲಿಲ್ಲ. ಟೈಲಿನ ಅರ್ಧಕ್ಕೆ ಶಾಯಿ ಉಜ್ಜಿ ಒರೆಸಿದ್ದೇನೆ, ಗೆರೆ ಹಿಡಿದಿಲ್ಲ. ಕುದಿಯುವ ನೀರಿನಿಂದ ಮಂಜುಗಡ್ಡೆ ನೀರಿಗೆ ಅದ್ದುವ ಪರೀಕ್ಷೆ ಬಾಕಿ ಇದೆ. ಪಾತ್ರೆ ಒಲೆ ಮೇಲಿದೆ.