ಮೊದಲ ಹತ್ತು ನಿಮಿಷ ಬರೀ ಹೆಸರುಗಳು

ನಮ್ಮ ಮನೆಯಲ್ಲಿ ಯಾರೂ ಸಿನಿಮಾವನ್ನು ಮೊದಲಿನಿಂದ ನೋಡಿದವರಲ್ಲ. ತಿಪಟೂರಿನಿಂದ ಎಂಟು ಕಿಲೋಮೀಟರ್ ಒಳಗೆ ನಮ್ಮ ತೋಟ. ತ್ರೀ ಫೇಸ್ ಕರೆಂಟ್ ಬಂದಾಗ ಮೋಟಾರು ಹಾಕಿ, ತೆಂಗಿನ ಪಾತಿಗಳಿಗೆ ನೀರು ತಿರುಗಿಸಿ, ಕೈಕಾಲು ತೊಳೆದು ಅಪ್ಪ ಸ್ಕೂಟರ್ ಹೊರಡಿಸುವಷ್ಟರಲ್ಲಿ ಪಟ್ಟಣದಲ್ಲಿ ಆಟ ಶುರುವಾಗಿರುತ್ತಿತ್ತು. ಅಮ್ಮ ಗೊಣಗಿದರೆ ಅಪ್ಪನದು ಒಂದೇ ಉತ್ತರ: "ಮೊದಲ ಹತ್ತು ನಿಮಿಷ ಬರೀ ಹೆಸರುಗಳು ಕಣೆ." ಗೇಟ್‌ಕೀಪರನ ಟಾರ್ಚ್ ಬೆಳಕಿನ ಹಿಂದೆ ನಡೆದು, ಸಾಲು ಮೊಣಕಾಲುಗಳನ್ನು ದಾಟಿ ಕುರ್ಚಿ ಹಿಡಿಯುವ ಹೊತ್ತಿಗೆ ಪರದೆಯ ಮೇಲೆ ಯಾರೋ ಸತ್ತಾಗಿರುತ್ತಿತ್ತು.

ಈ ಸಿದ್ಧಾಂತ ಕೈಕೊಟ್ಟದ್ದು 1989ರಲ್ಲಿ, ಸುನೀಲ್‌ಕುಮಾರ್ ದೇಸಾಯಿಯವರ 'ತರ್ಕ' ಬಂದಾಗ. ಬೇರೆ ಚಿತ್ರಗಳಲ್ಲಾದರೆ ಮೊದಲ ಹಾಡಿನ ಹೊತ್ತಿಗೆ ಪಕ್ಕದವರನ್ನು ಕೇಳಿ ಕಥೆ ಹಿಡಿಯಬಹುದಿತ್ತು. ಇದರಲ್ಲಿ ಹಾಡೇ ಇಲ್ಲ! ಅಮ್ಮ ಪಿಸುಗುಟ್ಟಿ ಕೇಳಿದ್ದಕ್ಕೆ ಪಕ್ಕದ ಹೆಂಗಸು ತಲೆಯನ್ನೂ ತಿರುಗಿಸದೆ, "ಸುಮ್ಮನೆ ನೋಡಿ" ಎಂದುಬಿಟ್ಟರು.

ಈಗ ಸದ್ದೇ ನನ್ನ ಹೊಟ್ಟೆಪಾಡು. ಬೆಂಗಳೂರಿನ ಒಂದು ಸಣ್ಣ ಸ್ಟುಡಿಯೋದಲ್ಲಿ ಧಾರಾವಾಹಿಗಳ ಸೌಂಡ್ ಎಡಿಟಿಂಗ್ ಮಾಡುತ್ತೇನೆ. ಬಾಗಿಲು ತೆರೆಯುವ ಮುನ್ನವೇ ಎದೆ ಧಸಕ್ಕೆನ್ನುವ ಸಂಗೀತ ಹಾಕಬೇಕು; ಬಾಗಿಲು ತೆರೆದರೆ ಅಲ್ಲಿ ನಿಂತಿರುವುದು ಕಾಫಿ ಲೋಟ ಹಿಡಿದ ಅತ್ತೆ. ಹೀಗೆ ದಿನಕ್ಕೆ ಹತ್ತು ಸಲ ಸುಳ್ಳು ಹೆದರಿಕೆ ಹುಟ್ಟಿಸುವವಳಿಗೆ ನಿಜವಾದ ಆತಂಕ ಹೇಗೆ ಹುಟ್ಟುತ್ತದೆ ಎಂದು ತಿಳಿಸಿದ್ದು ಆರ್ಸನ್ ವೆಲ್ಸ್ ನಿರ್ದೇಶನದ 'ಟಚ್ ಆಫ್ ಈವಿಲ್' ಚಿತ್ರದ ಆರಂಭ. 1958ರ ಚಿತ್ರ. ಅದರ ಮೊದಲ ಶಾಟ್ ಎಲ್ಲೂ ಕತ್ತರಿ ಬೀಳದೆ ಮೂರು ನಿಮಿಷಕ್ಕೂ ಹೆಚ್ಚು ಹೊತ್ತು ಓಡುತ್ತದೆ.

ಮೊದಲು ಕಾಣುವುದು ಎರಡು ಕೈ, ಒಂದು ಬಾಂಬು. ಬೆರಳು ಗಡಿಯಾರವನ್ನು ಸುಮಾರು ಮೂರು ನಿಮಿಷಕ್ಕೆ ತಿರುಗಿಸುತ್ತದೆ. ಎಲ್ಲೋ ಹೆಣ್ಣಿನ ನಗು ಕೇಳುತ್ತದೆ. ಆ ಮನುಷ್ಯ ಓಡುತ್ತಾನೆ, ಗೋಡೆಯ ಮೇಲೆ ಅವನಿಗಿಂತ ದೊಡ್ಡದಾದ ಅವನ ನೆರಳೂ ಓಡುತ್ತದೆ. ಬಾಂಬು ಕಾರಿನ ಡಿಕ್ಕಿ ಸೇರುತ್ತದೆ. ನಗುತ್ತಾ ಬಂದ ಜೋಡಿ ಏನೂ ತಿಳಿಯದೆ ಅದೇ ಕಾರನ್ನು ಹತ್ತಿ ಹೊರಡುತ್ತದೆ. ಕ್ರೇನ್ ಮೇಲಿನ ಕ್ಯಾಮೆರಾ ಮನೆಗಳ ಮಾಡಿನೆತ್ತರಕ್ಕೆ ಏರಿ, ಮತ್ತೆ ಬೀದಿಗಿಳಿದು, ಹಿಂದಕ್ಕೆ ಸರಿಯುತ್ತಾ ಸಾಗುತ್ತದೆ. ಕಥೆಯಲ್ಲಿ ಅದು ಮೆಕ್ಸಿಕೋ ಗಡಿಯ ಊರು, ಚಿತ್ರೀಕರಿಸಿದ್ದು ಕ್ಯಾಲಿಫೋರ್ನಿಯಾದ ವೆನಿಸ್‌ನಲ್ಲಿ. ಪೊಲೀಸನೊಬ್ಬ ಕೈ ಅಡ್ಡ ಹಿಡಿದು ಕಾರನ್ನು ನಿಲ್ಲಿಸುತ್ತಾನೆ. ಹೊಸದಾಗಿ ಮದುವೆಯಾದ ಇನ್ನೊಂದು ಜೋಡಿ ರಸ್ತೆ ದಾಟುತ್ತದೆ. ಆಡುಗಳ ಹಿಂಡು ಅಡ್ಡ ಬರುತ್ತದೆ. (ನಮ್ಮ ಕಡೆಯ ಯಾವ ಬಸ್ ಡ್ರೈವರನನ್ನಾದರೂ ಕೇಳಿ, ಆಡುಗಳಿಗೆ ಹಾರನ್ ಕೇಳಿಸುವುದಿಲ್ಲ.) ಗಡಿಯ ಚೌಕಿಯಲ್ಲಿ ಕಾರಿನೊಳಗಿನ ಹುಡುಗಿ ತನ್ನ ತಲೆಯಲ್ಲಿ ಏನೋ ಟಿಕ್ ಟಿಕ್ ಎನ್ನುತ್ತಿದೆ ಎಂದು ಹೇಳಿಕೊಳ್ಳುತ್ತಾಳೆ. ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಬಾಂಬು ಇದೆಯೆಂದು ನೋಡುಗನಿಗೆ ಮೊದಲೇ ತಿಳಿಸಿಬಿಡು ಎನ್ನುವುದು ಸಸ್ಪೆನ್ಸ್ ಚಿತ್ರಗಳ ನಿರ್ದೇಶಕ ಹಿಚ್‌ಕಾಕ್ ಹೇಳಿದ ಪಾಠ. ಹೇಳದಿದ್ದರೆ ಹದಿನೈದು ಸೆಕೆಂಡಿನ ಬೆಚ್ಚು, ಹೇಳಿದರೆ ಹದಿನೈದು ನಿಮಿಷದ ತಳಮಳ. ಇದು ಎಲ್ಲರೂ ಬಲ್ಲ ಮಾತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ.

1958ರಲ್ಲಿ ಸ್ಟುಡಿಯೋದವರು ಬಿಡುಗಡೆ ಮಾಡಿದ ಪ್ರತಿಯಲ್ಲಿ ಈ ಇಡೀ ಶಾಟಿನ ಮೇಲೆ ಹೆಸರುಗಳು ಬರುತ್ತವೆ, ಜೊತೆಗೆ ಹೆನ್ರಿ ಮ್ಯಾನ್ಸಿನಿಯ ಸಂಗೀತ. ಸಂಗೀತವೇನೋ ಚೆನ್ನಾಗಿಯೇ ಇದೆ, ಆದರೆ ಕಣ್ಣು ಅಕ್ಷರಗಳನ್ನು ಓದುತ್ತಿರುವಾಗ ಕಾರು ಮರೆತೇ ಹೋಗುತ್ತದೆ. ಅವರದೂ ನಮ್ಮ ಅಪ್ಪನ ಸಿದ್ಧಾಂತವೇ! ತಮ್ಮ ಕೈತಪ್ಪಿದ ಚಿತ್ರವನ್ನು ನೋಡಿ ವೆಲ್ಸ್ 58 ಪುಟಗಳ ಟಿಪ್ಪಣಿ ಬರೆದುಕೊಟ್ಟಿದ್ದರು. ಅದನ್ನು ಮುಂದಿಟ್ಟುಕೊಂಡು 1998ರಲ್ಲಿ ವಾಲ್ಟರ್ ಮರ್ಚ್ ಚಿತ್ರವನ್ನು ಮತ್ತೆ ಸಂಕಲಿಸಿದರು. ಆಗ ಶಾಟಿನ ಮೇಲಿನ ಹೆಸರುಗಳೂ ಹೋದವು, ಹಿನ್ನೆಲೆ ಸಂಗೀತವೂ ಹೋಯಿತು. ಉಳಿದದ್ದು ಬೀದಿ. ಒಂದೊಂದು ಬಾರಿನ ಬಾಗಿಲಿಂದ ಒಂದೊಂದು ಹಾಡು, ಮಾತು, ಹೆಜ್ಜೆ ಸಪ್ಪಳ, ಮತ್ತು ಆ ಕಾರಿನ ರೇಡಿಯೋ.

ಎಲ್ಲವೂ ಆ ರೇಡಿಯೋದಲ್ಲಿದೆ. ಒಂದು ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಎರಡೂ ಪ್ರತಿಗಳನ್ನು ಒಂದರ ಹಿಂದೆ ಒಂದರಂತೆ ಕೇಳಿದೆ. ನೋಡಿದೆ ಎನ್ನುವುದಕ್ಕಿಂತ ಕೇಳಿದೆ. ಕಾರು ಚೌಕಟ್ಟಿನಿಂದ ಆಚೆ ಹೋದಾಗ ರೇಡಿಯೋ ಸಣ್ಣಗಾಗುತ್ತದೆ. ಹತ್ತಿರ ಬಂದಾಗ ಜೋರಾಗುತ್ತದೆ. ಕಣ್ಣು ಗಂಡ ಹೆಂಡಿರ ಹಿಂದೆ ನಡೆಯುತ್ತಿದ್ದರೂ ಕಿವಿ ಬಾಂಬನ್ನು ಬಿಟ್ಟಿರುವುದಿಲ್ಲ. ಬರೀ ರೇಡಿಯೋ ಹಾಡಿಗೆ ನನ್ನ ಕೈ ತಣ್ಣಗಾಯಿತು. ನಮ್ಮ ಧಾರಾವಾಹಿಯಲ್ಲಾಗಿದ್ದರೆ ನಾನು ಅದರ ಮೇಲೆ ನಾಲ್ಕು ಟ್ರ್ಯಾಕ್ ಪಿಟೀಲು ಸುರಿದಿರುತ್ತಿದ್ದೆ.

ಕಳೆದ ಹಬ್ಬಕ್ಕೆ ಊರಿಗೆ ಹೋದಾಗ ಲ್ಯಾಪ್‌ಟಾಪನ್ನು ಜಗಲಿಯಲ್ಲಿಟ್ಟು ಅಪ್ಪನಿಗೆ 1998ರ ಪ್ರತಿಯನ್ನೇ ತೋರಿಸಿದೆ. ಇಂಗ್ಲಿಷ್ ಅವರಿಗೆ ಬರುವುದಿಲ್ಲ. ಅಡಿಕೆ ಕತ್ತರಿಸುತ್ತಾ ಅರೆಮನಸ್ಸಿನಿಂದ ಕೂತರು. ಬಾಂಬು ಡಿಕ್ಕಿ ಸೇರಿದ ಮೇಲೆ ಅಡಕತ್ತರಿ ನಿಂತಿತು. ಕ್ಯಾಮೆರಾ ಗಂಡ ಹೆಂಡಿರ ಜೊತೆ ಮುಂದೆ ಸಾಗಿದಾಗ ಅಪ್ಪ ಪರದೆಯ ಅಂಚಿನಾಚೆಗೆ ಇಣುಕುವವರಂತೆ ಕತ್ತು ವಾಲಿಸಿದರು.

"ಆ ಕಾರು ಎಲ್ಲಿ ಹೋಯಿತಮ್ಮ?"

ನಾನು ಮಾತನಾಡಲಿಲ್ಲ.

"ಇಲ್ಲೇ ಎಲ್ಲೋ ಇದೆ. ಹಾಡು ಕೇಳಿಸುತ್ತಿದೆ."

ಪರದೆಯಲ್ಲಿ ಗಂಡ ಹೆಂಡತಿಗೆ ಮುತ್ತಿಡುವ ಹೊತ್ತಿಗೆ ಸರಿಯಾಗಿ ಸ್ಫೋಟ. ಒಳಗಿನಿಂದ ಅಮ್ಮ, "ಏನದು ಸದ್ದು?" ಎಂದು ಕೂಗಿದರು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಅಡಕತ್ತರಿಯನ್ನು ಮತ್ತೆ ಕೈಗೆತ್ತಿಕೊಂಡು, "ಹೆಸರುಗಳೇ ಬರಲಿಲ್ಲವಲ್ಲ?" ಎಂದರು.

"ಕೊನೆಗೆ ಹಾಕಿದ್ದಾರೆ ಅಪ್ಪ."

"ಹಾಗಾದರೆ ಕೊನೆಯಲ್ಲಿ ಹತ್ತು ನಿಮಿಷ ಮುಂಚೆ ಎದ್ದು ಬರಬಹುದು."