ಅತ್ತೆಯವರ ಮೂರು ದಿನದ ಊಟದ ಲೆಕ್ಕ

ನಮ್ಮ ಅತ್ತೆಯವರಿಗೆ ಈಗ 76 ವರ್ಷ. ಕಳೆದ ಮಳೆಗಾಲದಲ್ಲಿ ಅಂಗಾಲು ಜೋಮು ಹಿಡಿಯುತ್ತದೆ, ನಡೆಯುವಾಗ ನೆಲ ಸರಿಯಾಗಿ ತಿಳಿಯುವುದಿಲ್ಲ ಎಂದು ಅವರು ಹೇಳತೊಡಗಿದಾಗ, ನಾವೆಲ್ಲ ಅದನ್ನು ವಯಸ್ಸಿನ ಮೇಲೂ ಹಳೆಯ ಸಕ್ಕರೆ ಕಾಯಿಲೆಯ ಮೇಲೂ ಹಾಕಿ ಸುಮ್ಮನಾದೆವು. ಅವರು ದಿನಕ್ಕೆ ಏನು ಉಣ್ಣುತ್ತಾರೆ ಎಂಬುದನ್ನು ಮಾತ್ರ ಯಾರೂ ನೋಡಿರಲಿಲ್ಲ. ಕೇಳಿದರೆ "ಮೂರು ಹೊತ್ತೂ ಚೆನ್ನಾಗೇ ಉಣ್ತೀನಲ್ಲಮ್ಮ" ಎನ್ನುತ್ತಿದ್ದರು, ನಾವೂ ನಂಬಿದ್ದೆವು.

ಪರಿಚಯದ ಆಹಾರತಜ್ಞೆಯೊಬ್ಬರು ಹೇಳಿಕೊಟ್ಟಂತೆ, ನಡುವೆ ಬಿಡುವಿರುವ ಮೂರು ದಿನಗಳನ್ನು ಆರಿಸಿ, ಅದರಲ್ಲೊಂದು ಭಾನುವಾರ ಇರುವಂತೆ ನೋಡಿಕೊಂಡು, ಹಿಂದಿನ 24 ಗಂಟೆಗಳಲ್ಲಿ ಅವರ ಬಾಯಿಗೆ ಹೋದದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದೆ. ಏಕಾದಶಿಯ ಉಪವಾಸವನ್ನು ಬೇರೆ ಪುಟದಲ್ಲಿ ಬರೆದೆ, ಏಕೆಂದರೆ ತಿಂಗಳಿಗೆ ಎರಡು ಸಲ ಬರುವ ಅದನ್ನು ಮೂರು ದಿನಗಳೊಳಗೆ ಸೇರಿಸಿದರೂ, ಪೂರ್ತಿ ಕೈಬಿಟ್ಟರೂ ಲೆಕ್ಕ ತಪ್ಪುತ್ತದೆ. ಮನೆಯ ಲೋಟ, ಸೌಟು, ಬಟ್ಟಲುಗಳಿಗೆ ನೀರು ತುಂಬಿಸಿ, ಔಷಧದ ಅಳತೆ ಲೋಟದಿಂದ ಅಳೆದು ಗುರುತು ಹಾಕಿಕೊಂಡಿದ್ದೆ. ಈ ಅಳತೆಯಿಲ್ಲದೆ "ಒಂದು ಲೋಟ ಹಾಲು" ಎಂಬ ಮಾತಿಗೆ ಅರ್ಥವೇ ಇಲ್ಲ.

ಕಂಡದ್ದು ಹೀಗಿತ್ತು. ಬಸ್ಸಾರಿನ ದಿನ ಪಾತ್ರೆಯಲ್ಲಿ ಧಾರಾಳವಾಗಿ ಸೊಪ್ಪಿದ್ದರೂ, ಹಲ್ಲಿನ ಸೆಟ್ ಒಸಡಿಗೆ ಒತ್ತುತ್ತಿದ್ದುದರಿಂದ ಪಲ್ಯವನ್ನು ಪಕ್ಕಕ್ಕಿಟ್ಟು ಸಾರನ್ನಷ್ಟೇ ಕಲಸಿಕೊಳ್ಳುತ್ತಿದ್ದರು. ರಾತ್ರಿ ಎರಡು ಬಿಸ್ಕತ್ತು, ಚಹಾ. ಕಾಫಿ ಚಹಾಗಳಲ್ಲಿ ಬೆರೆತ ಹಾಲು, ನೀರು ಮಜ್ಜಿಗೆಯೊಳಗಿನ ಮೊಸರು ಎಲ್ಲ ಸೇರಿದರೂ ದಿನಕ್ಕೆ 200 ಮಿಲಿಲೀಟರ್ ಆಗುತ್ತಿರಲಿಲ್ಲ.

ಈ ಕೊನೆಯ ಸಂಖ್ಯೆಯೇ ನನ್ನನ್ನು ಬೆಚ್ಚಿಬೀಳಿಸಿತು, ಏಕೆಂದರೆ ನರಗಳಿಗೆ ಬೇಕಾದ ಬಿ12 ಜೀವಸತ್ವ ಕಡಿಮೆಯಾದರೂ ಕಾಲು ಹೀಗೆ ಜೋಮು ಹಿಡಿಯಬಹುದು. ಹುಟ್ಟಿನಿಂದ ಸಸ್ಯಾಹಾರಿಯಾಗಿದ್ದು ಮೊಟ್ಟೆಯನ್ನೂ ಮುಟ್ಟದವರಿಗೆ ಬಿ12 ಜೀವಸತ್ವ ಊಟದಿಂದ ಸಿಗುವುದೆಂದರೆ ಹಾಲು ಮತ್ತು ಹಾಲಿನ ಪದಾರ್ಥಗಳಿಂದ ಮಾತ್ರ. 100 ಮಿಲಿಲೀಟರ್ ಹಸುವಿನ ಹಾಲಿನಲ್ಲಿ ಅದು ಸುಮಾರು ಅರ್ಧ ಮೈಕ್ರೋಗ್ರಾಂ. ದಿನಕ್ಕೆ ಬೇಕಾದದ್ದು 2 ಮೈಕ್ರೋಗ್ರಾಂಗಿಂತ ತುಸು ಹೆಚ್ಚು. ಅಂದರೆ ತಟ್ಟೆಯಲ್ಲೇ ಅರ್ಧಕ್ಕಿಂತ ಕಡಿಮೆ. ತಟ್ಟೆಗೆ ಬಂದದ್ದೆಲ್ಲ ರಕ್ತ ಸೇರುವುದೂ ಇಲ್ಲ. ಆಹಾರದ ಪ್ರೋಟೀನಿಗೆ ಅಂಟಿಕೊಂಡಿರುವ ಬಿ12 ಬಿಡುಗಡೆಯಾಗಲು ಜಠರದ ಆಮ್ಲ ಬೇಕು. ಮುಪ್ಪಿನಲ್ಲಿ ಅನೇಕರಿಗೆ ಜಠರದ ಒಳಪದರ ಸವೆದು ಆ ಆಮ್ಲ ಕುಗ್ಗುತ್ತದೆ. ಅತ್ತೆಯವರಾದರೋ ಎಷ್ಟೋ ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಎದೆಯುರಿಗೆ ಪ್ಯಾಂಟೊಪ್ರಜೋಲ್ ಎರಡನ್ನೂ ನುಂಗುತ್ತಿದ್ದರು, ಮತ್ತು ದೀರ್ಘಕಾಲ ತೆಗೆದುಕೊಂಡಾಗ ಬಿ12 ಮಟ್ಟವನ್ನು ತಗ್ಗಿಸಬಲ್ಲ ಔಷಧಿಗಳೇ ಅವೆರಡೂ.

ರಕ್ತ ಪರೀಕ್ಷೆಯಲ್ಲಿ ಬಿ12 ತೀರ ಕಡಿಮೆ ಬಂತು. ವೈದ್ಯರು ಮೊದಲು ಚುಚ್ಚುಮದ್ದು, ಆಮೇಲೆ ಮಾತ್ರೆ ಕೊಟ್ಟರು. ಮಾತ್ರೆಯಲ್ಲಿರುವ ಬಿ12 ಪ್ರೋಟೀನಿಗೆ ಅಂಟಿಕೊಂಡಿರುವುದಿಲ್ಲವಾದ್ದರಿಂದ ಆಮ್ಲ ಕಡಿಮೆಯಿರುವವರಿಗೂ ಅದು ದಕ್ಕುತ್ತದೆ. ಹಳೆಯ ಮಾತ್ರೆಗಳನ್ನು ನಾವಾಗಿ ನಿಲ್ಲಿಸಲಿಲ್ಲ. ರಕ್ತಹೀನತೆಯೆಂದು ಬರೀ ಫೋಲಿಕ್ ಆಮ್ಲದ ಮಾತ್ರೆಯನ್ನು ಅಂಗಡಿಯಿಂದ ತಂದು ಕೊಡುವವರಿಗೆ ಒಂದು ಮಾತನ್ನು ಒತ್ತಿ ಹೇಳಬೇಕು: ಅದರಿಂದ ರಕ್ತ ಸುಧಾರಿಸಿದಂತೆ ಕಂಡರೂ, ಬಿ12 ಕೊರತೆಯಿದ್ದರೆ ನರಗಳ ಹಾನಿ ಒಳಗೊಳಗೇ ಮುಂದುವರಿಯುತ್ತದೆ.

ಊಟದ ಯೋಜನೆ ಮಾಡುವಾಗ ಅವರ ಅಡುಗೆಯ ಕ್ರಮವನ್ನು ಕದಲಿಸಬಾರದೆಂದು ಮೊದಲೇ ನಿರ್ಧರಿಸಿದ್ದೆ. ಬಸ್ಸಾರು ಹಾಗೆಯೇ ಉಳಿಯಿತು. ಸೊಪ್ಪು ಬೇಯಿಸಿದ ನೀರೇ ಸಾರಾಗುವುದರಿಂದ ನೀರಿನಲ್ಲಿ ಕರಗುವ ಜೀವಸತ್ವಗಳು ಚರಂಡಿಗೆ ಹೋಗದ ಒಳ್ಳೆಯ ಅಡುಗೆ ಅದು. ಸೊಪ್ಪನ್ನು ಮಾತ್ರ ಸಣ್ಣಗೆ ಹೆಚ್ಚಿ, ಬೇಳೆಯೊಂದಿಗೆ ಮಸೆದು, ಒಂದು ಚಮಚ ಎಣ್ಣೆಯ ಒಗ್ಗರಣೆ ಕೊಡುತ್ತೇನೆ, ಏಕೆಂದರೆ ಸೊಪ್ಪಿನಲ್ಲಿರುವ ಬೀಟಾ ಕ್ಯಾರೊಟಿನ್ ಮೈಗೆ ಹತ್ತಲು ಕೊಬ್ಬು ಬೇಕು. ಸಿ ಜೀವಸತ್ವ ಬಿಸಿಗೆ ಹಾಳಾಗದಿರಲೆಂದು ನಿಂಬೆರಸವನ್ನು ಪಾತ್ರೆ ಒಲೆಯಿಂದ ಇಳಿಸಿದ ಮೇಲೆ ಹಿಂಡುತ್ತೇನೆ. ಅದೇ ಜೀವಸತ್ವಕ್ಕೆ ಒಳ್ಳೆಯದಾದ ಸೀಬೆಹಣ್ಣು ಅಗಿಯಲಾಗದ ಕಾರಣ ನೆಲ್ಲಿಕಾಯಿಯ ತಂಬುಳಿ ಬಂತು. ಅದರ ನೆಪದಲ್ಲಿ ಗಟ್ಟಿ ಮೊಸರೂ ಹೊಟ್ಟೆ ಸೇರುತ್ತದೆ. ಮಧ್ಯಾಹ್ನದ ಚಹಾವನ್ನು ಊಟವಾದ ಒಂದು ಗಂಟೆಯ ನಂತರಕ್ಕೆ ತಳ್ಳಿದ್ದೇವೆ, ಊಟದ ಜೊತೆಗಾದರೆ ಅದು ಕಬ್ಬಿಣಾಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಡಿ ಜೀವಸತ್ವಕ್ಕೆ ಊಟವನ್ನು ನೆಚ್ಚಿಕೊಳ್ಳುವಂತಿಲ್ಲ. ಹನ್ನೊಂದು ಗಂಟೆಯ ನಂತರದ ಬಿಸಿಲಿನಲ್ಲಿ ಸ್ವಲ್ಪ ಹೊತ್ತು ತೋಳು ಮುಖಗಳಿಗೆ ನೇರ ಬೆಳಕು ಬೀಳಬೇಕು, ಕಿಟಕಿಯ ಗಾಜಿನ ಹಿಂದೆ ಕುಳಿತರೆ ಉಪಯೋಗವಿಲ್ಲ. ವಯಸ್ಸಾದ ಚರ್ಮ ಅದನ್ನು ಕಡಿಮೆ ತಯಾರಿಸುವುದರಿಂದ ವೈದ್ಯರು ಹೇಳಿದ ಮಾತ್ರೆಯೂ ಇದೆ.

ಇದೇ ಪಟ್ಟಿಯನ್ನು ನಮ್ಮ ಮಾವನವರಿಗೆ ನಾನು ಅನ್ವಯಿಸಲಿಲ್ಲ. ಹೃದಯದ ಕವಾಟದ ಶಸ್ತ್ರಚಿಕಿತ್ಸೆಯಾದ ಮೇಲೆ ಅವರು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುತ್ತಾರೆ. ಸೊಪ್ಪಿನಲ್ಲಿ ಹೇರಳವಾಗಿರುವ ಕೆ ಜೀವಸತ್ವ ಆ ಔಷಧದ ವಿರುದ್ಧ ಕೆಲಸ ಮಾಡುವುದರಿಂದ ಅವರ ತಟ್ಟೆಗೆ ಸೊಪ್ಪು ವಾರವಾರವೂ ಹೆಚ್ಚುಕಮ್ಮಿ ಅಷ್ಟೇ ಬೀಳಬೇಕು.

ಮೂರು ತಿಂಗಳ ಮೇಲೆ ಮತ್ತೆ ಮೂರು ದಿನದ ಲೆಕ್ಕ ಬರೆದೆ. ಹಾಲು ಮೊಸರು ಸೇರಿ 400 ಮಿಲಿಲೀಟರ್ ದಾಟಿದೆ, ಅಂಗಾಲಿನ ಜೋಮು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ರಾತ್ರಿಯ ಊಟ ಇನ್ನೂ ಕೈಗೆ ಸಿಕ್ಕಿಲ್ಲ. ಏಳು ಗಂಟೆಗೆ ಹಾಲಿನಲ್ಲಿ ಮಾಡಿದ ತೆಳು ರಾಗಿ ಗಂಜಿ ಕೊಟ್ಟು ನೋಡುತ್ತಿದ್ದೇನೆ, ವಾರದಲ್ಲಿ ನಾಲ್ಕು ದಿನ ಕುಡಿಯುತ್ತಾರೆ.